ರಕ್ತನಾಳಕ್ಕೆ ಹೊಲಿಗೆ ಹಾಕಿದ ಡಾ. ಅಲೆಕ್ಸಿಸ್ ಕ್ಯಾರೆಲ್

ಬೆಳಿಗ್ಗೆ ಎದ್ದ ಮಗುವಿನ ಮುಖ ಬಾತುಕೊಂಡಿದ್ದರೆ, ಕಣ್ಣಿನ ರೆಪ್ಪೆ ಊದಿದ್ದರೆ, ರಾತ್ರಿ ಸೊಳ್ಳೆ ಕಚ್ಚಿರಬೇಕು ಎಂದು ನಾವು ಸುಮ್ಮನಾಗುತ್ತೇವೆ. ಸಂಜೆಗೆ ಊತ ಇಳಿಯುತ್ತದೆ, ಮಾತು ಮರೆತುಹೋಗುತ್ತದೆ. ಆದರೆ ನಾಲ್ಕು ದಿನ ಹೀಗೆಯೇ ಆದರೆ, ಮೂತ್ರ ಕಡಿಮೆಯಾದರೆ, ಅದರಲ್ಲಿ ನೊರೆ ಕಂಡರೆ ಅಥವಾ ಅದರ ಬಣ್ಣ ಕೆಂಪಾದರೆ ಸುಮ್ಮನಿರಬಾರದು. ಮಗುವಿನ ಮೂತ್ರಪಿಂಡಗಳು ಕಷ್ಟದಲ್ಲಿವೆ ಎಂಬುದಕ್ಕೆ ಅದು ಸೂಚನೆಯಾಗಿರಬಹುದು. ಹೆಚ್ಚಿನ ಮಕ್ಕಳು ಔಷಧೋಪಚಾರದಿಂದ ಗುಣವಾಗುತ್ತಾರೆ. ಕೆಲವರ ಮೂತ್ರಪಿಂಡಗಳು ಮಾತ್ರ ಹುಟ್ಟಿನಿಂದಲೇ ಸರಿಯಾಗಿ ಬೆಳೆದಿರುವುದಿಲ್ಲ. ಇನ್ನು ಕೆಲವರಿಗೆ ಮೂತ್ರ ಹರಿಯುವ ದಾರಿಯಲ್ಲಿಯೇ ತಡೆಯಿದ್ದು, ಒಳಗಿನ ಒತ್ತಡದಿಂದ ಅವು ಹಾಳಾಗುತ್ತ ಹೋಗುತ್ತವೆ. ದೊಡ್ಡವರಲ್ಲಿ ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಮಾಡುವ ಕೆಲಸವನ್ನು ಚಿಕ್ಕವರಲ್ಲಿ ಈ ಹುಟ್ಟುದೋಷಗಳು ಮಾಡುತ್ತವೆ.

ಅವರೆಬೀಜದ ಆಕಾರದ ಈ ಎರಡು ಅಂಗಗಳು ಬೆನ್ನೆಲುಬಿನ ಎರಡು ಬದಿಗೆ ಕುಳಿತು, ಬೆಳೆದ ಮನುಷ್ಯನಲ್ಲಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮೂತ್ರವಾಗಿ ಹೊರಗೆ ಹೋಗುತ್ತದೆ, ಉಳಿದದ್ದೆಲ್ಲ ಮತ್ತೆ ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡಗಳು ನಿಂತುಹೋದ ಮಗುವಿನ ಬೆಳವಣಿಗೆ ನಿಲ್ಲುತ್ತದೆ, ಎಲುಬು ಬಲ ಕಳೆದುಕೊಳ್ಳುತ್ತದೆ, ಮುಖ ಬಿಳಚಿಕೊಳ್ಳುತ್ತದೆ. ಡಯಾಲಿಸಿಸ್ ಯಂತ್ರದಿಂದ ರಕ್ತವನ್ನು ತೊಳೆಯಬಹುದು. ಆದರೆ ವಾರಕ್ಕೆ ಮೂರು ಸಲ, ಪ್ರತಿ ಸಲವೂ ಹಲವು ಗಂಟೆ ಯಂತ್ರದ ಪಕ್ಕದಲ್ಲಿ ಮಲಗುವ ಮಗು ಶಾಲೆಗೆ ಹೋಗುವುದೆಂದು, ಆಡುವುದೆಂದು? ಅಂಥ ಮಗುವಿಗೆ ತಾಯಿಯೋ ತಂದೆಯೋ ತನ್ನೆರಡು ಮೂತ್ರಪಿಂಡಗಳಲ್ಲಿ ಒಂದನ್ನು ಕೊಟ್ಟು ಕಸಿ ಮಾಡಿಸಿದರೆ, ಮಗು ಮತ್ತೆ ಉದ್ದ ಬೆಳೆಯುವುದನ್ನು ಕಾಣಬಹುದು.

ಒಬ್ಬರ ಅಂಗವನ್ನು ಇನ್ನೊಬ್ಬರ ಮೈಯಲ್ಲಿ ಇಡುವುದೆಂದರೆ ಮೊದಲು ರಕ್ತನಾಳಕ್ಕೆ ರಕ್ತನಾಳವನ್ನು ಸೋರದಂತೆ, ಮುಚ್ಚದಂತೆ ಹೊಲಿಯಬೇಕು. ನೂರಿಪ್ಪತ್ತು ವರ್ಷಗಳ ಹಿಂದೆ ಈ ಹೊಲಿಗೆಯನ್ನು ಜಗತ್ತಿಗೆ ಕಲಿಸಿದವರು ಡಾ. ಅಲೆಕ್ಸಿಸ್ ಕ್ಯಾರೆಲ್. ಅವರ ಜೀವನದಲ್ಲಿ ಮೆಚ್ಚಬೇಕಾದದ್ದು ಬಹಳ ಇದೆ. ಮೆಚ್ಚಲಾಗದ್ದೂ ಇದೆ. ಎರಡನ್ನೂ ಹೇಳಬೇಕೆಂದು ನಮಗೆ ತೋರಿದೆ.

ಕ್ಯಾರೆಲ್ ಹುಟ್ಟಿದ್ದು 1873ರ ಜೂನ್ 28ರಂದು, ಫ್ರಾನ್ಸ್ ದೇಶದ ಲಿಯಾನ್ ನಗರದ ಬಳಿಯ ಒಂದು ಊರಿನಲ್ಲಿ. ನಮ್ಮ ಸೊಲ್ಲಾಪುರ ಚಾದರಿಗೆ ಹೆಸರಾದಂತೆ ಲಿಯಾನ್ ರೇಷ್ಮೆಗೆ ಹೆಸರಾದ ಊರು. ಅಲ್ಲಿಯ ಬೀದಿಗಳಲ್ಲಿಯೂ ಮಗ್ಗದ ಸದ್ದು ಕೇಳುತ್ತಿದ್ದ ಕಾಲವಿತ್ತು. ತಂದೆಯದು ಬಟ್ಟೆಯ ಉದ್ಯಮ. ಮಗನಿಗೆ ಐದು ವರ್ಷವಾಗುವಷ್ಟರಲ್ಲಿ ಅವರು ತೀರಿಕೊಂಡರು. ಮೂರು ಮಕ್ಕಳನ್ನು ತಾಯಿಯೇ ಸಾಕಿದರು. ತೀರಿಹೋದ ತಂದೆಯ ಹೆಸರನ್ನೇ ಹಿರಿಯ ಮಗ ತನ್ನದಾಗಿ ಮಾಡಿಕೊಂಡ. ಪಾದ್ರಿಗಳ ಶಾಲೆಯಲ್ಲಿ ಓದು ಮುಗಿಸಿ ಲಿಯಾನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದ ಈ ಯುವಕ ನಗರದ ಆಸ್ಪತ್ರೆಗಳಲ್ಲಿ ಕೆಲಸ ಕಲಿಯತೊಡಗಿದ.

1894ರ ಜೂನ್ 24. ಕ್ಯಾರೆಲ್ಲರಿಗೆ ಇಪ್ಪತ್ತೊಂದು ತುಂಬಲು ನಾಲ್ಕೇ ದಿನ. ಲಿಯಾನಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಿತ್ತು, ಅದಕ್ಕೆಂದು ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಬಂದಿದ್ದರು. ಸಾರೋಟಿನಲ್ಲಿ ಹೋಗುತ್ತಿದ್ದಾಗ ಇಟಲಿಯ ಒಬ್ಬ ಅರಾಜಕತಾವಾದಿ ಅವರ ಹೊಟ್ಟೆಗೆ ಚೂರಿ ಹಾಕಿದ. ಯಕೃತ್ತಿಗೆ ರಕ್ತ ಒಯ್ಯುವ ದೊಡ್ಡ ಅಭಿಧಮನಿ ಕತ್ತರಿಸಿಹೋಯಿತು. ಊರಿನ ದೊಡ್ಡ ದೊಡ್ಡ ಶಸ್ತ್ರವೈದ್ಯರೆಲ್ಲ ಸುತ್ತ ನಿಂತಿದ್ದರು. ಹೊಟ್ಟೆಯನ್ನು ತೆರೆದು ನೋಡಿದರು. ಆದರೆ ಕತ್ತರಿಸಿದ ರಕ್ತನಾಳವನ್ನು ಮತ್ತೆ ಕೂಡಿಸುವುದು ಯಾರಿಗೂ ಗೊತ್ತಿರಲಿಲ್ಲ. ಮಧ್ಯರಾತ್ರಿ ಕಳೆಯುತ್ತಲೇ ಅಧ್ಯಕ್ಷರು ಪ್ರಾಣ ಬಿಟ್ಟರು. ಹರಿದ ಚರ್ಮವನ್ನು ಹೊಲಿಯುವ ವೈದ್ಯರು ಹರಿದ ರಕ್ತನಾಳವನ್ನು ಏಕೆ ಹೊಲಿಯಬಾರದು ಎಂಬುದು ತರುಣ ಕ್ಯಾರೆಲ್ಲರ ಪ್ರಶ್ನೆ. ಹಿರಿಯರಿಗೆ ಈ ಪ್ರಶ್ನೆ ರುಚಿಸಲಿಲ್ಲ.

ಏಕೆ ಹೊಲಿಯಲಾಗುತ್ತಿರಲಿಲ್ಲವೆಂಬುದನ್ನು ನಾವು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೊಲಿಗೆ ತಿಳಿದ ತಾಯಂದಿರಿಗೆ ಇದು ನಮಗಿಂತ ಬೇಗ ಅರ್ಥವಾದೀತು. ಕೌದಿಯ ಎರಡು ಅರಿವೆಗಳನ್ನು ಒಂದರ ಮೇಲೊಂದು ಹಾಸಿ ದಾರ ಎಳೆಯುವುದು ಸುಲಭ. ಕುಪ್ಪಸಕ್ಕೆ ತೋಳು ಜೋಡಿಸುವುದು ಅದಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಬಟ್ಟೆ ದುಂಡಾಗಿ ತಿರುಗುತ್ತದೆ. ಇನ್ನು ಆ ತೋಳು ಪೆನ್ಸಿಲಿಗಿಂತ ಸಪೂರವಾಗಿದ್ದರೆ? ಅದು ಒದ್ದೆಯಾಗಿ ಜಾರುತ್ತಿದ್ದರೆ? ಅಂಚು ಒಳಮಡಿಚಿ ಮುದುಡುತ್ತಿದ್ದರೆ? ಈ ಬದಿಗೆ ಚುಚ್ಚಿದ ಸೂಜಿ ಆ ಬದಿಯ ಗೋಡೆಯನ್ನೂ ಹಿಡಿದುಬಿಟ್ಟರೆ ನಾಳದ ಬಾಯಿಯೇ ಮುಚ್ಚಿಹೋಗುತ್ತದೆ. ಇಷ್ಟೂ ಸಾಲದೆಂಬಂತೆ ರಕ್ತಕ್ಕೆ ಒಂದು ಗುಣವಿದೆ. ನಾಳದ ಒಳಗಿನ ಪದರ ಗಾಜಿನಂತೆ ನುಣುಪಾಗಿರುವವರೆಗೆ ಮಾತ್ರ ಅದು ಹರಿಯುತ್ತದೆ. ಎಲ್ಲಿಯಾದರೂ ಆ ಪದರ ಜಜ್ಜಿದರೆ, ಒಣಗಿದರೆ, ಒರಟು ದಾರ ಒಳಗೆ ಕಾಣಿಸಿಕೊಂಡರೆ ಅಲ್ಲಿಯೇ ಹೆಪ್ಪುಗಟ್ಟಿ ನಿಂತುಬಿಡುತ್ತದೆ. ಆಗಿನ ವೈದ್ಯರು ದಪ್ಪ ಸೂಜಿ, ದಪ್ಪ ದಾರ, ಬಿಗಿಯಾದ ಚಿಮಟ ಬಳಸುತ್ತಿದ್ದರು. ಹೊಲಿದರೂ ಫಲ ಸಿಗುತ್ತಿರಲಿಲ್ಲ.

ಕ್ಯಾರೆಲ್ ಮಾಡಿದ್ದೇನು? ಅವರು ಇನ್ನೊಬ್ಬ ವೈದ್ಯರ ಬಳಿಗೆ ಹೋಗದೆ ಲಿಯಾನಿನ ಹೆಸರಾಂತ ಕಸೂತಿಗಾರ್ತಿ ಶ್ರೀಮತಿ ಲೆರೂದಿಯೇ ಎಂಬವರ ಬಳಿಗೆ ಹೋದರು. ರೇಷ್ಮೆಯ ಮೇಲೆ ಕಂಡೂ ಕಾಣದಂತೆ ಎಳೆ ಎಳೆಯುವ ಆಕೆಯಿಂದ ಸೂಜಿ ಹಿಡಿಯುವುದನ್ನು ಕಲಿತರು. ಪದವಿಗೆ ಓದುತ್ತಿರುವ ವೈದ್ಯನೊಬ್ಬ ಕಸೂತಿ ಹಾಕುವ ಹೆಣ್ಣುಮಗಳ ಮುಂದೆ ಶಿಷ್ಯನಾಗಿ ಕುಳಿತದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ, ಈ ಕಾಲಕ್ಕೂ ಅಲ್ಲ. ಅತಿ ಸಣ್ಣ ಸೂಜಿ, ಕೂದಲೆಳೆಯಂಥ ರೇಷ್ಮೆ ದಾರ, ದಾರಕ್ಕೆ ನುಣುಪು ಬರಲೆಂದು ಸವರಿದ ವ್ಯಾಸಲೀನ್, ಇವು ಅವರ ಸಲಕರಣೆಗಳಾದವು.

ಇಷ್ಟರಿಂದಲೇ ಕೆಲಸ ಮುಗಿಯಲಿಲ್ಲ. ದುಂಡಾದ ಬಾಯನ್ನು ಹೊಲಿಯುವುದಕ್ಕೆ ಅವರು ಕಂಡುಕೊಂಡ ಉಪಾಯ ಬಲು ಸರಳವಾದದ್ದು. ಎರಡು ನಾಳಗಳ ತುದಿಗಳನ್ನು ಎದುರುಬದುರು ತಂದು, ಸಮನಾದ ಅಂತರದಲ್ಲಿ ಮೂರೇ ಮೂರು ಕಡೆ ಹೊಲಿಗೆ ಹಾಕಿ ದಾರವನ್ನು ಉದ್ದಕ್ಕೆ ಬಿಟ್ಟರು. ಆ ಮೂರು ದಾರಗಳನ್ನು ಮೂರು ದಿಕ್ಕಿಗೆ ಮೆಲ್ಲಗೆ ಎಳೆದಾಗ ದುಂಡಗಿದ್ದ ಬಾಯಿ ತ್ರಿಕೋನವಾಗುತ್ತದೆ. ಈಗ ಹೊಲಿಯಬೇಕಾದದ್ದು ವೃತ್ತವನ್ನಲ್ಲ, ಮೂರು ನೇರ ಗೆರೆಗಳನ್ನು! ಒಂದು ಗೆರೆ ಹೊಲಿಯುವಾಗ ಎದುರಿನ ಗೋಡೆ ದೂರ ಸರಿದಿರುತ್ತದೆ, ಸೂಜಿಗೆ ಸಿಕ್ಕುವುದಿಲ್ಲ. ಹೊಲಿದು ಮುಗಿಸಿ ದಾರ ಬಿಟ್ಟರೆ ನಾಳ ಮತ್ತೆ ದುಂಡಗಾಗುತ್ತದೆ. ಸೈಕಲ್ಲಿನ ವಾಲ್ ಟ್ಯೂಬಿನ ಎರಡು ತುಂಡು, ಒಂದು ಸಣ್ಣ ಸೂಜಿ ತೆಗೆದುಕೊಂಡು ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ನಾವು ಮಾಡಿ ನೋಡಿದೆವು. ಮೂರು ಸಲವೂ ನಮ್ಮ ಬೆರಳಿಗೇ ಚುಚ್ಚಿಕೊಂಡೆವು.

ಈ ವಿಧಾನವನ್ನು ಕ್ಯಾರೆಲ್ 1902ರಲ್ಲಿ ಲಿಯಾನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂಗಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕಸಿ ಮಾಡುವ ಮಾತೂ ಅದೇ ಲೇಖನದಲ್ಲಿ ಇತ್ತು. ಅದೇ ವರ್ಷ ವಿಯೆನ್ನಾ ನಗರದಲ್ಲಿ ಎಮೆರಿಕ್ ಉಲ್ಮನ್ ಎಂಬ ವೈದ್ಯರು ನಾಯಿಯೊಂದರ ಮೂತ್ರಪಿಂಡವನ್ನು ತೆಗೆದು ಅದೇ ನಾಯಿಯ ಕೊರಳಿನಲ್ಲಿ ಜೋಡಿಸಿ ತೋರಿಸಿದ್ದರು. ಅವರು ನಾಳಗಳನ್ನು ಲೋಹದ ಸಣ್ಣ ಕೊಳವೆಗಳಿಂದ ಕೂಡಿಸಿದ್ದರು, ಹೊಲಿದಿರಲಿಲ್ಲ.

ಇಷ್ಟು ಸಾಧಿಸಿದರೂ ಸ್ವಂತ ಊರಿನಲ್ಲಿ ಕ್ಯಾರೆಲ್ಲರಿಗೆ ನೆಲೆ ಸಿಗಲಿಲ್ಲ. ಆಸ್ಪತ್ರೆಯ ಶಸ್ತ್ರವೈದ್ಯರ ಹುದ್ದೆಗೆ ನಡೆದ ಸ್ಪರ್ಧಾ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಅದೇ 1902ರಲ್ಲಿ ರೋಗಿಗಳ ಜೊತೆ ಲೂರ್ದ್ ಎಂಬ ಯಾತ್ರಾಸ್ಥಳಕ್ಕೆ ವೈದ್ಯರಾಗಿ ಹೋದಾಗ, ಸಾಯುವಂತಿದ್ದ ಒಬ್ಬ ಹುಡುಗಿ ಚೇತರಿಸಿಕೊಂಡುದನ್ನು ಕಂಡು, ಕಂಡದ್ದನ್ನು ಕಂಡಂತೆ ಹೇಳಿದರು. ವೈದ್ಯರಿಗೆ ಅವರು ಮೂಢನಂಬಿಕೆಯವರಾಗಿ ಕಂಡರು, ಭಕ್ತರಿಗೆ ಅವರ ಸಂದೇಹ ಹಿಡಿಸಲಿಲ್ಲ. ಎರಡೂ ಕಡೆಯವರು ಮುನಿದ ಮೇಲೆ 1904ರಲ್ಲಿ ಕ್ಯಾರೆಲ್ ಹಡಗು ಹತ್ತಿ ಕೆನಡಾಕ್ಕೆ ಹೋದರು. ವೈದ್ಯಕೀಯವನ್ನೇ ಬಿಟ್ಟು ದನ ಸಾಕಿಕೊಂಡಿರುವ ಯೋಚನೆಯೂ ಇತ್ತಂತೆ. ಅಲ್ಲಿಂದ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದ ಪ್ರಯೋಗಾಲಯ ಅವರನ್ನು ಕರೆದುಕೊಂಡಿತು.

ಶಿಕಾಗೋದಲ್ಲಿ ಚಾರ್ಲ್ಸ್ ಗತ್ರಿ ಎಂಬ ವಿಜ್ಞಾನಿ ಜೊತೆಯಾದರು. ಇಬ್ಬರೂ ಸೇರಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ ಲೇಖನದ ಮೇಲೆ ಲೇಖನ ಬರೆದರು. ಮುಂದೆ ಕೀರ್ತಿಯೆಲ್ಲ ಕ್ಯಾರೆಲ್ಲರಿಗೆ ಸಂದಿತು, ಗತ್ರಿಯವರ ಹೆಸರು ಹಿಂದೆ ಬಿತ್ತು. ಇದು ನ್ಯಾಯವೆಂದು ನಮಗೆ ಅನಿಸುವುದಿಲ್ಲ. 1906ರಲ್ಲಿ ಕ್ಯಾರೆಲ್ ನ್ಯೂಯಾರ್ಕಿನ ರಾಕ್‌ಫೆಲರ್ ಸಂಶೋಧನಾ ಸಂಸ್ಥೆ ಸೇರಿದರು. ಮುಂದಿನ ಮೂವತ್ತಕ್ಕೂ ಹೆಚ್ಚು ವರ್ಷ ಅದೇ ಅವರ ಕರ್ಮಭೂಮಿ.

ಅಲ್ಲಿಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. 1908ರ ಮಾರ್ಚ್ ತಿಂಗಳ ಒಂದು ರಾತ್ರಿ ಕೆಲವರು ಬಂದು ಅವರನ್ನು ಎಬ್ಬಿಸಿದರು. ನ್ಯೂಯಾರ್ಕಿನ ಒಬ್ಬ ಶಸ್ತ್ರವೈದ್ಯರ ಮನೆಯಲ್ಲಿ ಹುಟ್ಟಿ ವಾರವೂ ಆಗದ ಹೆಣ್ಣುಕೂಸಿಗೆ ಒಳಗೊಳಗೇ ರಕ್ತ ಸೋರಿ ಮೈ ಬಿಳಿಚಿಹೋಗಿತ್ತು. ಅದು ಹೊಸದಾಗಿ ಹುಟ್ಟಿದ ಕೆಲವು ಶಿಶುಗಳಿಗೆ ಬರುವ ರಕ್ತಸ್ರಾವದ ರೋಗ. ಇಂದು ಹುಟ್ಟಿದೊಡನೆ ಕೊಡುವ ಕೆ ಜೀವಸತ್ವದ ಒಂದು ಚುಚ್ಚುಮದ್ದು ಅದನ್ನು ತಡೆಯುತ್ತದೆ. ಅಂದು ಅಂಥ ಮದ್ದು ಇರಲಿಲ್ಲ. ರಕ್ತವನ್ನು ಹೆಪ್ಪುಗಟ್ಟದಂತೆ ಸೀಸೆಯಲ್ಲಿ ಇಡುವುದೂ ಗೊತ್ತಿರಲಿಲ್ಲ. ರಕ್ತ ಕೊಡಬೇಕೆಂದರೆ ಕೊಡುವವರ ನಾಳವನ್ನು ಪಡೆಯುವವರ ನಾಳಕ್ಕೆ ನೇರವಾಗಿ ಜೋಡಿಸುವುದೊಂದೇ ದಾರಿ. ಆದರೆ ವಾರ ತುಂಬದ ಕೂಸಿನ ನಾಳವೆಂದರೆ ಎಷ್ಟು ದಪ್ಪವಿದ್ದೀತು!

ತಂದೆಯನ್ನು ಮೇಜಿನ ಮೇಲೆ ಮಲಗಿಸಿದರು. ಮಗುವನ್ನು ಆತನ ತೋಳಿಗೆ ತಾಗುವಂತೆ ಅಡ್ಡಲಾಗಿ ಇಟ್ಟರು. ಕ್ಯಾರೆಲ್ ತಂದೆಯ ಎಡ ಮಣಿಕಟ್ಟಿನ ಅಪಧಮನಿಯನ್ನು ತೆರೆದು, ಕೂಸಿನ ಬಲಗಾಲಿನ ಮೊಣಕಾಲ ಹಿಂದಿನ ಅಭಿಧಮನಿಗೆ ಹೊಲಿದರು. ಒದ್ದೆ ಕಾಗದದಷ್ಟು ತೆಳುವಾದ ಅದರ ಗೋಡೆಗೆ ಲಿಯಾನಿನ ಕಸೂತಿಯ ಸೂಜಿಯೇ ಬೇಕಾಗಿತ್ತು. ಹಿಡಿಕೆ ಬಿಟ್ಟೊಡನೆ ತಂದೆಯ ರಕ್ತ ಮಗಳೊಳಗೆ ಹರಿಯಿತು. ಬಿಳಿಯ ಮೈ ಮೊದಲು ಕಿವಿಯ ಹತ್ತಿರ, ತುಟಿಯ ಹತ್ತಿರ ಕೆಂಪಾಗುತ್ತ ಇಡೀ ಮೈಗೆ ಬಣ್ಣ ಬಂದಿತು, ಕೂಸು ಅಳತೊಡಗಿತು. ಸೋರಿಕೆ ನಿಂತಿತು, ಮಗು ಬದುಕಿತು. ರಕ್ತದ ಗುಂಪುಗಳನ್ನು 1901ರಲ್ಲಿಯೇ ಕಂಡುಹಿಡಿದಿದ್ದರೂ ಅವುಗಳನ್ನು ಪರೀಕ್ಷಿಸುವ ರೂಢಿ ಆಗಿನ್ನೂ ಬಂದಿರಲಿಲ್ಲ. ತಂದೆಯ ರಕ್ತ ಮಗಳಿಗೆ ಒಗ್ಗಿದ್ದು ಆ ಮನೆಯವರ ಪುಣ್ಯವೆಂದೇ ಹೇಳಬೇಕು.

ಇತ್ತ ಪ್ರಯೋಗಾಲಯದಲ್ಲಿ ಮೂತ್ರಪಿಂಡದ ಕೆಲಸ ನಡೆದೇ ಇತ್ತು. ಒಂದು ಹೆಣ್ಣುನಾಯಿಯ ಎರಡೂ ಮೂತ್ರಪಿಂಡಗಳನ್ನು ತೆಗೆದು, ಅವುಗಳಲ್ಲಿ ಒಂದನ್ನೇ ಮತ್ತೆ ಅದರ ಮೈಗೆ ಹೊಲಿದರು. ಆ ಒಂದರ ಬಲದಿಂದಲೇ ಅದು ಎರಡು ವರ್ಷಕ್ಕೂ ಮೇಲೆ ಬದುಕಿ ಮರಿಗಳನ್ನು ಹಾಕಿತು. ಕಡಿದು ತೆಗೆದ ಅಂಗ ಮತ್ತೆ ಜೀವ ತಳೆದು ದುಡಿಯಬಲ್ಲದು ಎಂಬುದು ಹೀಗೆ ಸಿದ್ಧವಾಯಿತು. ಬೆಕ್ಕುಗಳಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಅಲ್ಲಿಯ ಮೂತ್ರಪಿಂಡಗಳೂ ನಾಳಗಳೂ ತೀರ ಸಣ್ಣವು. ಅವುಗಳನ್ನು ಬಿಡಿಬಿಡಿಯಾಗಿ ಹೊಲಿಯುವ ಬದಲು, ಎರಡೂ ಮೂತ್ರಪಿಂಡಗಳನ್ನು ಅವು ಅಂಟಿಕೊಂಡ ಮಹಾಧಮನಿ ಮಹಾಭಿಧಮನಿಗಳ ತುಂಡಿನೊಡನೆ ಒಟ್ಟಾಗಿ ತೆಗೆದು, ದೊಡ್ಡ ನಾಳಕ್ಕೆ ದೊಡ್ಡ ನಾಳವನ್ನೇ ಹೊಲಿದರು. ಮರದ ಕೊಂಬೆಗೆ ಎರಡು ಕಾಯಿಗಳಿರುವಾಗ ಕೊಂಬೆಯ ಸಮೇತ ಮುರಿದುಕೊಂಡ ಹಾಗೆ. ಇಂದು ತೀರ ಚಿಕ್ಕ ಮಗುವೊಂದು ಮಡಿದು, ಶೋಕದಲ್ಲಿರುವ ತಂದೆತಾಯಿ ಅದರ ಅಂಗಗಳನ್ನು ದಾನ ಮಾಡಲು ಒಪ್ಪಿದಾಗ, ಆ ಪುಟ್ಟ ಮೂತ್ರಪಿಂಡಗಳೆರಡನ್ನೂ ಹೀಗೆಯೇ ಜೋಡಿಯಾಗಿ ಇನ್ನೊಬ್ಬ ರೋಗಿಗೆ ಕಸಿ ಮಾಡುವ ಪದ್ಧತಿ ಇದೆ.

ಆದರೆ ಒಂದು ಗಂಟು ಬಿಚ್ಚಲಿಲ್ಲ. ನಾಯಿಯ ಮೂತ್ರಪಿಂಡವನ್ನು ಅದೇ ನಾಯಿಗೆ ಹೊಲಿದರೆ ವರ್ಷಗಟ್ಟಲೆ ನಡೆಯುತ್ತಿತ್ತು. ಒಂದು ನಾಯಿಯದನ್ನು ಇನ್ನೊಂದಕ್ಕೆ ಹೊಲಿದರೆ ಮೊದಲ ಕೆಲವು ದಿನ ಚೆನ್ನಾಗಿ ಮೂತ್ರ ಸುರಿಸಿ, ಆಮೇಲೆ ಊದಿ ನಿಂತುಹೋಗುತ್ತಿತ್ತು. ಹೊಲಿಗೆ ಬಿಚ್ಚಿ ನೋಡಿದರೆ ಹೊಲಿಗೆಯಲ್ಲಿ ದೋಷವಿಲ್ಲ, ನಾಳ ತೆರೆದೇ ಇದೆ. ಹೀಗೆ ಮತ್ತೆ ಮತ್ತೆ ಆದಮೇಲೆ ಕ್ಯಾರೆಲ್ ಒಂದು ನಿಶ್ಚಯಕ್ಕೆ ಬಂದರು. ಕೈಯ ಕೆಲಸ ಮುಗಿದಿದೆ, ತಡೆ ಇರುವುದು ಜೀವದ ಸ್ವಭಾವದಲ್ಲಿ. ಪರಕೀಯವಾದುದನ್ನು ಮೈ ಒಪ್ಪಿಕೊಳ್ಳದು, ಅದನ್ನು ಒಪ್ಪಿಸುವ ದಾರಿ ಸಿಗುವವರೆಗೆ ಮನುಷ್ಯರಿಗೆ ಅಂಗ ಕಸಿ ಮಾಡಿ ಪ್ರಯೋಜನವಿಲ್ಲ. ಕೀರ್ತಿಯ ತುದಿಯಲ್ಲಿದ್ದಾಗ ತನ್ನ ಕೆಲಸದ ಎಲ್ಲೆಯನ್ನು ತಾನೇ ಗುರುತಿಸಿ ಹೇಳಿದ್ದು ಅವರ ದೊಡ್ಡತನ. 1912ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇವೆ. 1914ರಲ್ಲಿ ಮಹಾಯುದ್ಧ ಶುರುವಾದಾಗ ಕ್ಯಾರೆಲ್ ಫ್ರಾನ್ಸಿನ ಸೈನಿಕ ಆಸ್ಪತ್ರೆಯಲ್ಲಿ ದುಡಿದರು. ಹೆನ್ರಿ ಡೇಕಿನ್ ಎಂಬ ರಸಾಯನ ವಿಜ್ಞಾನಿಯ ಜೊತೆ ಸೇರಿ, ಕೊಳೆಯುವ ಗಾಯಗಳನ್ನು ಕ್ಲೋರಿನ್ ದ್ರಾವಣದಿಂದ ತೊಳೆಯುವ ಕ್ರಮವನ್ನು ರೂಢಿಗೆ ತಂದರು. ಎಷ್ಟೋ ಸೈನಿಕರ ಕೈಕಾಲು ಇದರಿಂದ ಉಳಿದವು. ಕೋಳಿಯ ಪಿಳ್ಳೆಯ ಹೃದಯದ ಜೀವಕೋಶಗಳನ್ನು 1912ರಿಂದ ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅವು ಎಂದೆಂದೂ ಸಾಯವೆಂದು ಸಾರಿದರು. ಸಾಮಾನ್ಯ ಜೀವಕೋಶಗಳು ಒಂದು ಮಿತಿಯವರೆಗೆ ಮಾತ್ರ ಇಬ್ಭಾಗವಾಗುತ್ತವೆಂದು 1961ರಲ್ಲಿ ಹೇಫ್ಲಿಕ್ ತೋರಿಸಿಕೊಟ್ಟ ಮೇಲೆ ಆ ಮಾತು ಬಿದ್ದುಹೋಯಿತು. 1930ರ ದಶಕದಲ್ಲಿ, ಒಬ್ಬರೇ ವಿಮಾನದಲ್ಲಿ ಅಟ್ಲಾಂಟಿಕ್ ಸಾಗರ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಜೊತೆಗೂಡಿ ಗಾಜಿನ ಒಂದು ಪಂಪನ್ನು ಮಾಡಿದರು. ಮೈಯಿಂದ ಹೊರತೆಗೆದ ಅಂಗಕ್ಕೆ ಪೋಷಕ ದ್ರವವನ್ನು ಹಾಯಿಸಿ ಜೀವಂತವಾಗಿ ಇಡುವ ಯಂತ್ರ ಅದು. ದಾನವಾಗಿ ಬಂದ ಮೂತ್ರಪಿಂಡವನ್ನು ಕಸಿಯ ತನಕ ಕಾಪಾಡಲು ಇಂದು ಬಳಸುವ ಯಂತ್ರಗಳಲ್ಲಿಯೂ ತತ್ವ ಅದೇ.

ಇನ್ನು ಮುಂದಿನದು ನಾವು ಬರೆಯಲು ಹಿಂದೆಮುಂದೆ ನೋಡಿದ ಭಾಗ. ಮಕ್ಕಳ ಪತ್ರಿಕೆಗೆ ಬೇಡವೆಂದು ಬಿಟ್ಟುಬಿಡಬಹುದಿತ್ತು. ಆದರೆ ಅರ್ಧ ಹೇಳಿದ ಚರಿತ್ರೆ ಸುಳ್ಳು ಚರಿತ್ರೆ.

1935ರಲ್ಲಿ ಕ್ಯಾರೆಲ್ ಮನುಷ್ಯನ ಸ್ವರೂಪವನ್ನು ಕುರಿತು ಒಂದು ಪುಸ್ತಕ ಬರೆದರು. ಅದು ಹಲವು ಭಾಷೆಗಳಲ್ಲಿ ಬಿಸಿ ದೋಸೆಯಂತೆ ಖರ್ಚಾಯಿತು. ವೈದ್ಯಶಾಸ್ತ್ರವೂ ನೈರ್ಮಲ್ಯವೂ ದುರ್ಬಲರನ್ನು ಬದುಕಿಸಿ ಉಳಿಸುತ್ತಿರುವುದು ಜನಾಂಗಕ್ಕೆ ಹಾನಿ ಎಂಬ ಅಭಿಪ್ರಾಯ ಅದರಲ್ಲಿತ್ತು. ಮೇಲಾದವರನ್ನು ಆರಿಸಿ ಬೆಳೆಸಬೇಕೆಂದೂ, ಘೋರ ಅಪರಾಧ ಮಾಡಿದವರನ್ನು, ಅಂಥ ಕೃತ್ಯವೆಸಗಿದ ಬುದ್ಧಿವಿಕಲರನ್ನು ವಿಷಾನಿಲದಿಂದ ಕೊನೆಗಾಣಿಸಬಹುದೆಂದೂ ಅವರು ಬರೆದರು. ಮರುವರ್ಷದ ಜರ್ಮನ್ ಮುದ್ರಣದಲ್ಲಿ ಆ ದೇಶದ ನಾತ್ಸಿ ಸರ್ಕಾರ ಈ ದಿಕ್ಕಿನಲ್ಲಿ ಕೈಗೊಂಡ ಕ್ರಮಗಳನ್ನು ಹೊಗಳಿದರು. ಆ ಸರ್ಕಾರ ಮುಂದೆ ಅಂಗವಿಕಲರನ್ನು, ಮನೋರೋಗಿಗಳನ್ನು, ಅವರಲ್ಲಿ ಸಾವಿರಾರು ಮಕ್ಕಳನ್ನು ಕೊಂದಿತೆಂಬುದು ಇತಿಹಾಸ. ವಾರ ತುಂಬದ ಕೂಸಿಗಾಗಿ ನಡುರಾತ್ರಿ ಎದ್ದು ಹೋದ ಕೈ ಇಂಥದನ್ನೂ ಬರೆಯಿತೆಂದು ನಂಬುವುದು ನಮಗೆ ಕಷ್ಟವಾಗುತ್ತದೆ. ಕಾಲವೇ ಹಾಗಿತ್ತು, ಎಷ್ಟೋ ಜನ ವಿದ್ವಾಂಸರು ಹಾಗೆಯೇ ಬರೆಯುತ್ತಿದ್ದರು ಎಂದು ಸಮಾಧಾನ ಹೇಳುವವರಿದ್ದಾರೆ. ಹಾಗೆ ಬರೆಯದವರೂ ಅದೇ ಕಾಲದಲ್ಲಿ ಇದ್ದರು. ಹುಟ್ಟಿನಿಂದಲೇ ಮೂತ್ರಪಿಂಡ ಕೆಟ್ಟ ಮಗು ದುರ್ಬಲ ಮಗುವೇ ಅಲ್ಲವೆ? ಆ ಪುಸ್ತಕದ ಲೆಕ್ಕ ಹಿಡಿದರೆ ಅದನ್ನು ಉಳಿಸುವುದೇ ತಪ್ಪು. ಅವರ ಹೊಲಿಗೆಯಿಂದ ಬದುಕುತ್ತಿರುವವರು ಮಾತ್ರ ಅಂಥ ಮಕ್ಕಳೇ.

1939ರಲ್ಲಿ ಕ್ಯಾರೆಲ್ ರಾಕ್‌ಫೆಲರ್ ಸಂಸ್ಥೆಯಿಂದ ನಿವೃತ್ತರಾದರು. ಫ್ರಾನ್ಸ್ ಜರ್ಮನರಿಗೆ ಸೋತ ಮೇಲೆ, ಅವರೊಡನೆ ರಾಜಿ ಮಾಡಿಕೊಂಡ ವಿಶಿ ಸರ್ಕಾರ 1941ರಲ್ಲಿ ಸ್ಥಾಪಿಸಿದ ಒಂದು ಸಂಶೋಧನಾ ಪ್ರತಿಷ್ಠಾನಕ್ಕೆ ಮುಖ್ಯಸ್ಥರಾದರು. 1944ರ ಆಗಸ್ಟಿನಲ್ಲಿ ಪ್ಯಾರಿಸ್ ಬಿಡುಗಡೆಯಾದೊಡನೆ ಆ ಸ್ಥಾನದಿಂದ ಅವರನ್ನು ತೆಗೆದರು, ಶತ್ರುಗಳಿಗೆ ನೆರವಾದವರೆಂಬ ಆರೋಪವೂ ಬಂದಿತು. ವಿಚಾರಣೆ ನಡೆಯುವ ಮೊದಲೇ, ಅದೇ ವರ್ಷದ ನವೆಂಬರ್ 5ರಂದು ಹೃದಯರೋಗದಿಂದ ತೀರಿಕೊಂಡರು. ಬ್ರಿಟನಿ ಕರಾವಳಿಯ ಬಳಿ ಅವರಿಗೆ ಪ್ರಿಯವಾಗಿದ್ದ ಒಂದು ಸಣ್ಣ ದ್ವೀಪದಲ್ಲಿ ಅವರ ಸಮಾಧಿ ಇದೆ. ಲಿಯಾನಿನ ವೈದ್ಯಕೀಯ ವಿಭಾಗವೊಂದಕ್ಕೆ ಮುಂದೆ ಅವರ ಹೆಸರಿಟ್ಟರು. 1996ರಲ್ಲಿ, ಆ ಬರಹಗಳ ಕಾರಣದಿಂದ, ಅದನ್ನು ತೆಗೆದುಹಾಕಿದರು.

ಅವರು ಬಿಚ್ಚಲಾರದೆ ಬಿಟ್ಟ ಗಂಟನ್ನು ಬೇರೆಯವರು ಬಿಚ್ಚತೊಡಗಿದ್ದು ಅದೇ ಯುದ್ಧದ ವರ್ಷಗಳಲ್ಲಿ. ಸುಟ್ಟಗಾಯದ ರೋಗಿಗಳಿಗೆ ಬೇರೆಯವರ ಚರ್ಮ ಏಕೆ ಅಂಟುವುದಿಲ್ಲವೆಂದು ಹುಡುಕುತ್ತ, ಇಂಗ್ಲೆಂಡಿನ ಪೀಟರ್ ಮೆಡವಾರ್ ಕಾರಣವನ್ನು ಕಂಡುಹಿಡಿದರು. ರೋಗಾಣುಗಳ ಮೇಲೆ ಬೀಳುವ ನಮ್ಮ ಮೈಯ ಕಾವಲು ಪಡೆಯೇ ಬೇರೆಯವರ ಅಂಗದ ಮೇಲೂ ಬೀಳುತ್ತದೆ.

ಮನುಷ್ಯರಲ್ಲಿ ಬಂಧುವಿನ ಮೂತ್ರಪಿಂಡವನ್ನು ಕಸಿ ಮಾಡಿದ ಮೊದಲ ಪ್ರಯತ್ನ ಒಬ್ಬ ಹುಡುಗನಿಗಾಗಿಯೇ ನಡೆಯಿತು. 1952ರ ಡಿಸೆಂಬರ್. ಕಟ್ಟಡದ ಕೆಲಸ ಕಲಿಯುತ್ತಿದ್ದ ಹದಿನಾರು ವರ್ಷದ ಹುಡುಗ ಎತ್ತರದಿಂದ ಬಿದ್ದು ಅವನ ಬಲ ಮೂತ್ರಪಿಂಡ ಸೀಳಿತು. ವೈದ್ಯರು ಅದನ್ನು ತೆಗೆದುಬಿಟ್ಟರು. ಆಮೇಲೆ ತಿಳಿಯಿತು, ಹುಟ್ಟಿನಿಂದಲೇ ಅವನಿಗೆ ಇದ್ದದ್ದು ಅದೊಂದೇ! ಅವನನ್ನು ಪ್ಯಾರಿಸಿನ ನೆಕ್ಕರ್ ಆಸ್ಪತ್ರೆಗೆ ತಂದರು. ತನ್ನದನ್ನು ತೆಗೆದುಕೊಳ್ಳಿರೆಂದು ತಾಯಿ ವೈದ್ಯರ ಬೆನ್ನುಬಿದ್ದಳು. ಕ್ರಿಸ್‌ಮಸ್ ಹಬ್ಬದ ಹಿಂದಿನ ರಾತ್ರಿ ಡಾ. ಜಾನ್ ಹ್ಯಾಂಬರ್ಗರ್ ಅವರ ತಂಡ ಕಸಿ ಮಾಡಿತು. ಮೂತ್ರ ಬಂದಿತು, ಹುಡುಗ ಚೇತರಿಸಿಕೊಂಡ, ಮೂರು ವಾರ ಎಲ್ಲವೂ ಸರಿಯಿತ್ತು. ಆಮೇಲೆ ಒಮ್ಮೆಲೇ ಅಂಗ ನಿಂತುಹೋಯಿತು. 1953ರ ಜನವರಿಯಲ್ಲಿ ಹುಡುಗ ತೀರಿಕೊಂಡ. ಕ್ಯಾರೆಲ್ಲರ ನಾಯಿಗಳಲ್ಲಿ ಕಂಡದ್ದೇ ಇಲ್ಲಿಯೂ ಕಂಡಿತು, ಹೊಲಿಗೆ ಸೋತಿರಲಿಲ್ಲ.

1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಒಬ್ಬನ ಮೂತ್ರಪಿಂಡವನ್ನು ಅವನ ತದ್ರೂಪಿ ಅವಳಿ ಸಹೋದರನಿಗೆ ಕಸಿ ಮಾಡಿದರು. ತದ್ರೂಪಿಗಳಾದ್ದರಿಂದ ಮೈ ಅದನ್ನು ತನ್ನದೆಂದೇ ತಿಳಿಯಿತು, ಕಸಿ ನಿಂತಿತು. 1960ರ ದಶಕದಲ್ಲಿ ಕಾವಲು ಪಡೆಯ ಕಾವು ತಗ್ಗಿಸುವ ಔಷಧಗಳು ಬಂದವು. ಡೆನ್ವರ್ ನಗರದಲ್ಲಿ ಡಾ. ಥಾಮಸ್ ಸ್ಟಾರ್ಜಲ್ ಅವರ ತಂಡ ಎರಡು ಔಷಧಗಳನ್ನು ಕೂಡಿಸಿ ಕೊಟ್ಟು ಮಕ್ಕಳಿಗೂ ಕಸಿ ಮಾಡಿತು. ಆದರೆ ಅವುಗಳಲ್ಲಿ ಒಂದಾದ ಸ್ಟೀರಾಯ್ಡ್ ಮಕ್ಕಳ ಬೆಳವಣಿಗೆಯನ್ನೇ ಕುಗ್ಗಿಸುತ್ತಿತ್ತು. ಉದ್ದ ಬೆಳೆಯಲೆಂದು ಮಾಡಿದ ಕಸಿಗೆ ಗಿಡ್ಡವಾಗಿಸುವ ಮದ್ದು! 1980ರ ದಶಕದಲ್ಲಿ ಸೈಕ್ಲೋಸ್ಪೊರಿನ್ ಬಂದಮೇಲೆ ಈ ತೊಡಕು ಎಷ್ಟೋ ಸಡಿಲವಾಯಿತು. ನಮ್ಮ ದೇಶದಲ್ಲಿ ಮೂತ್ರಪಿಂಡ ಕಸಿ ಮೊದಲು ಸಫಲವಾದದ್ದು 1971ರಲ್ಲಿ, ತಮಿಳುನಾಡಿನ ವೆಲ್ಲೂರು ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ.

ಈಗಲೂ ಕಸಿ ಮಾಡಿಸಿಕೊಂಡ ಮಗು ದಿನವೂ ತಪ್ಪದೆ ಔಷಧ ನುಂಗಬೇಕು. ಗುಣವಾಯಿತಲ್ಲ ಎಂದು ನಾಲ್ಕು ದಿನ ಬಿಟ್ಟರೂ ಅಂಗ ಕೈಬಿಡಬಹುದು. ಹದಿಹರೆಯದ ಹುಡುಗ ಹುಡುಗಿಯರಲ್ಲಿ ಹೀಗೆ ಆಗುವುದು ಹೆಚ್ಚೆಂದು ವೈದ್ಯರು ಹೇಳುತ್ತಾರೆ. ಕೊಟ್ಟ ಅಂಗ ಜೀವಮಾನವಿಡೀ ಬಾಳುವುದೂ ಅಪರೂಪ. ಚಿಕ್ಕಂದಿನಲ್ಲಿ ಕಸಿಯಾದವರಿಗೆ ದೊಡ್ಡವರಾದ ಮೇಲೆ ಎರಡನೆಯದು ಬೇಕಾಗಬಹುದು.

ತಾಯಿಯ ಮೂತ್ರಪಿಂಡ ನಾಲ್ಕು ವರ್ಷದ ಮಗುವಿನ ಪಾಲಿಗೆ ದೊಡ್ಡದು. ಅದಕ್ಕೆ ಬೇಕಾದಷ್ಟು ರಕ್ತ ಸಿಗಲೆಂದು ಅದನ್ನು ತೀರ ಚಿಕ್ಕ ಮಕ್ಕಳ ಹೊಟ್ಟೆಯೊಳಗೆ ಇಟ್ಟು, ಮಹಾಧಮನಿಗೇ, ಮಹಾಭಿಧಮನಿಗೇ ಹೊಲಿಯುತ್ತಾರೆ. ಮಗು ಬೆಳೆದಂತೆ ನಾಳವೂ ಹಿಗ್ಗಬೇಕಾದ್ದರಿಂದ ಕೆಲವೆಡೆ ಒಂದೇ ಎಳೆ ಓಡಿಸದೆ ಬಿಡಿಬಿಡಿ ಹೊಲಿಗೆ ಹಾಕುವುದೂ ಉಂಟು. ರೇಷ್ಮೆಯ ಬದಲು ಈಗ ಕೃತಕ ದಾರ ಬಂದಿದೆ, ವೈದ್ಯರ ಕಣ್ಣಿಗೆ ದೊಡ್ಡದಾಗಿ ತೋರಿಸುವ ಮಸೂರ ಬಂದಿದೆ. ಕೊನೆಯ ಹೊಲಿಗೆ ಹಾಕಿ ನಾಳದ ಹಿಡಿಕೆಯನ್ನು ಬಿಟ್ಟಾಗ, ಮಂಜುಗಡ್ಡೆಯಲ್ಲಿದ್ದು ಬೂದಿಬಣ್ಣಕ್ಕೆ ತಿರುಗಿದ್ದ ಮೂತ್ರಪಿಂಡ ನೋಡನೋಡುತ್ತ ಗುಲಾಬಿ ಬಣ್ಣವಾಗುತ್ತದೆ. ಕೆಲವೊಮ್ಮೆ ಮೇಜಿನ ಮೇಲೆಯೇ ಅದರ ನಾಳದ ತುದಿಯಿಂದ ಮೊದಲ ಹನಿ ಮೂತ್ರ ತೊಟ್ಟಿಕ್ಕುತ್ತದೆ. ಕೋಣೆಯಲ್ಲಿದ್ದವರೆಲ್ಲ ಆ ಹನಿಗಾಗಿ ಕಾಯುತ್ತ ನಿಂತಿರುತ್ತಾರೆ.